ಹೊಳೆಯಪ್ಪ ಬಡಿದ ಹಲಸು

ಹೊಳೆಯಪ್ಪ ಗಿಡ ಬಡಿಯುವಾಗ ಸುತ್ತ ನಿಂತವರು ಮಾತಾಡುವ ಹಾಗಿರಲಿಲ್ಲ. ಕೆಮ್ಮು ಬಂದವರು ದೂರ ಹೋಗಿ ಕೆಮ್ಮಿ ಬರಬೇಕು. ಬೀಡಿ ಹಚ್ಚುವವರು ಕಡ್ಡಿ ಗೀರುವ ಮೊದಲು ಅವನ ಮುಖ ನೋಡಬೇಕು. ಒಮ್ಮೆ ಒಬ್ಬ ಗುತ್ತಿಗೆದಾರನ ಮೊಬೈಲು ನಡುವೆ ರಿಂಗಾಯಿತೆಂದು ಹೊಳೆಯಪ್ಪ ಕೊಡತಿಯನ್ನು ಚೀಲಕ್ಕೆ ಹಾಕಿಕೊಂಡು, ಒಂದು ಮಾತೂ ಆಡದೆ, ನಾಲ್ಕು ಮೈಲು ನಡೆದು ಮನೆಗೆ ಬಂದುಬಿಟ್ಟಿದ್ದ. ಮಿಶ್ರಿಕೋಟಿಯ ಸುತ್ತಲಿನ ಹಳ್ಳಿಗಳಲ್ಲಿ ಆ ಕತೆ ಇನ್ನೂ ಓಡಾಡುತ್ತದೆ. ಅದಾದ ಮೇಲೆ ಅವನು ಗಿಡದ ಬುಡಕ್ಕೆ ಬಂದು ನಿಂತರೆ ಸಾಕು, ಜನ ತಾವಾಗಿಯೇ ಬಾಯಿ ಮುಚ್ಚಿಕೊಳ್ಳುತ್ತಿದ್ದರು.

ಕೊಡತಿ ಹುಣಸೆ ಕಟ್ಟಿಗೆಯ ಸುತ್ತಿಗೆ, ಮೊಳದುದ್ದ. ಹಿಡಿಕೆಯಲ್ಲಿ ಅವನ ಹೆಬ್ಬೆರಳು ಕೂತು ಕೂತು ಒಂದು ತಗ್ಗು ಬಿದ್ದಿತ್ತು. ನಿಂತ ಗಿಡವನ್ನು ಅದರಿಂದ ಬಡಿದು ಒಳಗೆ ಗಟ್ಟಿಯೋ ಟೊಳ್ಳೋ ಹೇಳುವುದು ಅವನ ಕೆಲಸ. ಹೊರಗೆ ಹಸಿರಾಗಿ, ಕಾಯಿ ಬಿಟ್ಟುಕೊಂಡು ನಿಂತ ಗಿಡದ ಹೊಟ್ಟೆಯಲ್ಲಿ ಏನಿದೆ ಎಂಬುದು ಸಾಮಾನ್ಯರಿಗೆ ಕಡಿದ ಮೇಲೆ ಗೊತ್ತಾಗುತ್ತದೆ. ಆಗ ಗೊತ್ತಾಗಿ ಉಪಯೋಗವಿಲ್ಲ. ಕಲಘಟಗಿಯಲ್ಲಿ ತೊಟ್ಟಿಲು ಮಾಡುವ ಅಬ್ದುಲಮಜೀದ ಇಪ್ಪತ್ತು ವರ್ಷಗಳಿಂದ ಹೊಳೆಯಪ್ಪ ಬಡಿಯದ ಗಿಡಕ್ಕೆ ಗರಗಸ ಹಚ್ಚಿದವನಲ್ಲ. ತೊಟ್ಟಿಲ ಕಟ್ಟಿಗೆಯಲ್ಲಿ ಎಳೆಯಷ್ಟು ಬಿರುಕಿರಬಾರದು, ಅದರ ಮೇಲೆ ಕೂಸು ಮಲಗುತ್ತದೆ ಎಂಬುದು ಮಜೀದನ ಮಾತು. ಹೊಳೆಯಪ್ಪ ‘ಗಟ್ಟಿ’ ಎಂದರೆ ಗಟ್ಟಿ. ‘ಬ್ಯಾಡ’ ಎಂದರೆ ಆ ಗಿಡ ಇನ್ನೊಂದು ತಲೆಮಾರು ಬದುಕಿಕೊಂಡಿತು ಎಂದೇ ಲೆಕ್ಕ.

ಆ ಕಿವಿ ಮೂರು ವರ್ಷಗಳಿಂದ ಸಾಯುತ್ತಿತ್ತು.

ಮೊದಲು ಹೋದದ್ದು ಸಣ್ಣ ಸಪ್ಪಳಗಳು. ಹೆಂಡತಿ ದುರ್ಗವ್ವನ ಬಳೆ, ಕುಕ್ಕರಿನ ಸೀಟಿ, ಹಿತ್ತಲಲ್ಲಿ ಇರುಳಿಡೀ ಕೂಗುತ್ತಿದ್ದ ಹುಳು. ಇವು ಹೋದದ್ದು ಅವನಿಗೆ ತಿಳಿಯಲೇ ಇಲ್ಲ. ಇಲ್ಲದ ಸಪ್ಪಳ ತಾನು ಇಲ್ಲವೆಂದು ಹೇಳಿ ಹೋಗುವುದಿಲ್ಲ. ಆಮೇಲೆ ಜನರ ಮಾತಿನ ಅಂಚು ಸವೆಯತೊಡಗಿತು. ಎದುರಿಗೆ ನಿಂತು ಗಟ್ಟಿಯಾಗಿ ಆಡಿದ ಮಾತು ಅರ್ಧ ಕಿವಿಗೆ, ಅರ್ಧ ಕಣ್ಣಿಗೆ ಸಿಗುತ್ತಿತ್ತು. ಬೆನ್ನ ಹಿಂದೆ ಆಡಿದ್ದು ಗಾಳಿಗೆ ಹೋಗುತ್ತಿತ್ತು.

“ಹುಬ್ಬಳ್ಳಿಗೆ ಹೋಗಿ ಕಿವಿ ತೋರಿಸಿಕೊಂಡ ಬರ್ರಿ ಅಂತ ಎಷ್ಟ ಸಲ ಹೇಳಬೇಕ ನಿಮಗ,” ಎಂದು ದುರ್ಗವ್ವ ಅವನ ಮುಖದೆದುರು ಬಂದು ಬಾಯಿ ದೊಡ್ಡದು ಮಾಡಿ ಹೇಳುತ್ತಿದ್ದಳು. “ನಿಮ್ಮ ಜೋಡಿ ಮಾತಾಡಿ ಮಾತಾಡಿ ನನ್ನ ಗಂಟಲ ಹರದ ಹೋಗೇತಿ. ಓಣಿ ಮಂದಿ ದಿನಾ ನಮ್ಮ ಮನ್ಯಾಗ ಜಗಳ ಅಂತ ತಿಳದಾರ.”

“ಗಿಡದ ಮಾತು ಕೇಳಸ್ತೈತಿ ನನಗ. ಮನಿಷಾರ ಮಾತು ಕೇಳಿ ಏನ್ ಮಾಡೂದೈತಿ?”

“ಹಂಗಾರ ಗಿಡದ ಕಡೇನ ರೊಟ್ಟಿ ಬಡಿಸಿಕೊಳ್ರಿ.”

ಅವನು ಹೇಳಿದ್ದು ಆಗ ಸುಳ್ಳೇನೂ ಆಗಿರಲಿಲ್ಲ. ಕಟ್ಟಿಗೆಯ ದನಿ ದಪ್ಪ. ಅದು ಉಳಿದವುಗಳಿಗಿಂತ ಹೆಚ್ಚು ದಿನ ಉಳಿಯಿತು. ಬಲಗೈಯಲ್ಲಿ ಬಡಿದು ಎಡ ಅಂಗೈಯನ್ನು ತೊಗಟೆಗೆ ಒತ್ತಿ ನಿಂತರೆ, ಕಿವಿ ಬಿಟ್ಟದ್ದನ್ನು ಅಂಗೈ ಹಿಡಿಯುತ್ತಿತ್ತು. ಆದರೆ ಕಳೆದ ದೀಪಾವಳಿಯಿಂದೀಚೆ ಆ ದಪ್ಪ ದನಿಯೂ ಕಂಬಳಿಯೊಳಗಿಂದ ಬಂದ ಹಾಗೆ ಬರತೊಡಗಿತ್ತು. ಕೊನೆಗೆ ಅಂಗೈಯೊಂದೇ ಉಳಿಯಿತು. ಇದನ್ನು ಅವನು ದುರ್ಗವ್ವನಿಗೂ ಹೇಳಲಿಲ್ಲ. ಜನರ ಮೌನ ಅವನಿಗೆ ಮೊದಲು ಕಸುಬಿನ ಅಗತ್ಯವಾಗಿತ್ತು. ಈಗ ಅದೇ ಅವನ ಕಿವುಡಿಗೆ ಒಂದು ಪರದೆಯಾಯಿತು. ಯಾರೂ ಮಾತಾಡದ ಕಡೆ ಕೇಳದವನೂ ಕೇಳುವವನೂ ಒಂದೇ ಥರ ಕಾಣುತ್ತಾರೆ.

ಈ ಮೂರು ವರ್ಷಗಳಲ್ಲಿ ಅವನಿಗೆ ಇನ್ನೊಂದು ಚಿಂತೆ ಹತ್ತಿಕೊಂಡಿತ್ತು. ಊರಲ್ಲಿ ಗಿಳಿಗಳು ಇಲ್ಲವಾಗಿದ್ದವು. ಭತ್ತ ತೆನೆಗಟ್ಟುವ ಹೊತ್ತಿಗೆ ಮುಂಜಾನೆ ಕೆರೆಯ ಕಡೆಯಿಂದ ಹಿಂಡು ಹಿಂಡಾಗಿ ಅರಚುತ್ತ ಬರುತ್ತಿದ್ದವು, ಈಗ ಬರುತ್ತಿರಲಿಲ್ಲ. ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಕೂತು ಅವನು ಹೇಳುತ್ತಿದ್ದ: “ಟಾವರ್ ಬಂದ್ವು, ಗಿಣಿ ಹೋದ್ವು. ಮೂರ ವರ್ಷಾತು, ಒಂದ ಗಿಣಿ ಇಲ್ಲ ನೋಡ್ರಿ ನಮ್ಮ ಕಡೆ.” ಕೇಳಿದವರು ಅವನನ್ನೊಮ್ಮೆ ನೋಡಿ ಚಹಾ ಕುಡಿಯುತ್ತಿದ್ದರು. ದೊಡ್ಡ ಮನುಷ್ಯ, ಏನೋ ಬೇರೆ ಅರ್ಥದಲ್ಲಿ ಹೇಳುತ್ತಿರಬೇಕು ಎಂದುಕೊಂಡರೋ ಏನೋ. ಯಾರೂ ಅಲ್ಲವೆನ್ನಲಿಲ್ಲ.

*

ಮೈಲಾರಪ್ಪನ ಹೊಲ ಊರಿನಿಂದ ಕಾಡಿನ ಕಡೆಗೆ ಹೋಗುವ ದಾರಿಯಲ್ಲಿದೆ. ಬದುವಿನ ಮೇಲೆ ಎರಡು ಹಲಸಿನ ಗಿಡ, ನಡುವೆ ಒಂದು ಮಾವು. ಅವನ ಮಗಳು ಸುವರ್ಣಾ ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಿದ್ದಳು. ದೊಡ್ಡ ಹಲಸಿನ ಟೊಂಗೆಗೆ ಅವಳು ಸಣ್ಣವಳಿದ್ದಾಗ ಜೋಕಾಲಿ ಕಟ್ಟುತ್ತಿದ್ದರಂತೆ. ಅದೇ ಗಿಡದ ಕಟ್ಟಿಗೆಯಲ್ಲಿ ತೊಟ್ಟಿಲು ಆಗಬೇಕು, ಕೂಸಿಗೆ ಹೆಸರಿಡುವ ದಿನ ಅದರಲ್ಲೇ ಹಾಕಬೇಕು ಎಂದು ಮೈಲಾರಪ್ಪನ ಹಟ. ಪರವಾನಗಿ ತಂದಿಟ್ಟುಕೊಂಡು ಮಜೀದನಿಗೆ ಹೇಳಿ ಕಳಿಸಿದ. ಕಟ್ಟಿಗೆ ಆರಬೇಕು, ಬಣ್ಣವಾಗಬೇಕು, ಮೇಲೆ ತೂಗಿ ಬಿಡುವ ಮರದ ಗಿಳಿಗಳು ಬೇರೆ. ಹೊತ್ತಿಲ್ಲ ಎಂದು ಮಜೀದ ಮರುದಿನವೇ ಹೊಳೆಯಪ್ಪನನ್ನು ಮೋಟಾರಸೈಕಲ್ಲಿನ ಹಿಂದೆ ಕೂಡಿಸಿಕೊಂಡು ಬಂದ.

ಫೆಬ್ರುವರಿ ತಿಂಗಳು. ಗಿಡ ದಟ್ಟವಾಗಿತ್ತು. ಇಬ್ಬರು ತಬ್ಬಿದರೂ ಬುಡ ಸಿಗದಷ್ಟು ದಪ್ಪ. ಆಳೆರಡು ಎತ್ತರದಲ್ಲಿ ಕವಲೊಡೆದಿತ್ತು. ಕವಲಿನ ಹಿಂಬದಿಗೆ ಗಿಡದ ರಸ ಹೀರುವ ಬದನಿಕೆ ಪೊದೆಯಾಗಿ ಬೆಳೆದು ಜೋತುಬಿದ್ದಿತ್ತು. ಹೊಳೆಯಪ್ಪ ಕೊಡತಿ ತೆಗೆದ. ಮೈಲಾರಪ್ಪ ಹೇಳುತ್ತಿದ್ದ ಮಾತನ್ನು ಅರ್ಧಕ್ಕೆ ನಿಲ್ಲಿಸಿದ. ಗರಗಸದ ರಮಜಾನ್ ಬಾಯಲ್ಲಿದ್ದ ಎಲೆ ಅಡಿಕೆಯನ್ನು ಅಗಿಯುವುದು ಬಿಟ್ಟ. ಸುವರ್ಣಾ ಹೊಲದ ಗುಡಿಸಲ ಮುಂದೆ ಹೊಟ್ಟೆಯ ಮೇಲೊಂದು ಕೈ ಇಟ್ಟುಕೊಂಡು ನಿಂತಿದ್ದಳು.

ಮೊಳಕಾಲಿನ ಮಟ್ಟದಲ್ಲಿ ನಾಲ್ಕು ದಿಕ್ಕಿಗೆ ಬಡಿದ. ಗಟ್ಟಿ. ಅಂಗೈಗೆ ತುಂಬಿದ ಕೊಡದಂಥ ಉತ್ತರ ಬಂತು. ಎದೆಯ ಮಟ್ಟದಲ್ಲಿ ಬಡಿದ. ಗಟ್ಟಿ. ಏಣಿ ತರಿಸಿ, ಹತ್ತಿ, ಕವಲಿನ ಕೆಳಗೆ ಬಡಿದ.

ಅಲ್ಲಿ ಏನೋ ಆಯಿತು.

ಕೊಡತಿ ಎತ್ತಿದ ಮೇಲೆಯೂ ಅಂಗೈಯೊಳಗೆ ಒಂದು ನಡುಕ ಉಳಿಯಿತು. ಏಟಿನ ನಡುಕವಲ್ಲ; ಏಟಿನದು ಒಮ್ಮೆ ಬಂದು ಹೋಗುತ್ತದೆ. ಇದು ಸಣ್ಣಗೆ, ಒಣ ಎಲೆಯ ಚೀಲದೊಳಗೆ ಏನೋ ಹೊರಳಿದ ಹಾಗೆ, ಇದ್ದು, ನಿಂತು, ಮತ್ತೆ ಬಂತು. ಹೊಳೆಯಪ್ಪ ಅಂಗೈ ತೆಗೆಯದೆ ಕಣ್ಣು ಮುಚ್ಚಿದ. ಐವತ್ತು ವರ್ಷದ ಕಸುಬಿನಲ್ಲಿ ಗಿಡ ಹೀಗೆ ಉತ್ತರ ಕೊಟ್ಟಿದ್ದು ಅವನಿಗೆ ನೆನಪಿಲ್ಲ. ಒಳಗೆ ನೀರಿಳಿದಿದೆಯೇ? ಗೆದ್ದಲೇ? ಅಥವಾ ವಯಸ್ಸಾದ ಕೈಯೇ ನಡುಗುತ್ತಿದೆಯೇ? ಕಿವಿಯಿದ್ದರೆ ಈ ಪ್ರಶ್ನೆ ಏಳುತ್ತಿರಲಿಲ್ಲ ಎಂದು ಅವನಿಗೆ ಗೊತ್ತಿತ್ತು.

ಕೆಳಗೆ ನೋಡಿದ. ಮಜೀದ, ಮೈಲಾರಪ್ಪ, ರಮಜಾನ್, ಮೂವರೂ ತಲೆಯೆತ್ತಿ ಅವನ ಮುಖವನ್ನೇ ನೋಡುತ್ತಿದ್ದರು. ದೂರದಲ್ಲಿ ಸುವರ್ಣಾಳ ಹುಬ್ಬುಗಳು ಕೂಡಿಕೊಂಡಿದ್ದವು. ಒಂದು ಮಾತು ಕೇಳಿದರೆ ಸಾಕಿತ್ತು: ‘ನಿಮಗೇನರ ಕೇಳಿಸ್ತೇನ್ರಿ?’ ಆ ಒಂದು ಮಾತು ಕೇಳಿದ ಕ್ಷಣ ಅವನು ಗಿಡ ಬಡಿಯುವ ಹೊಳೆಯಪ್ಪ ಆಗಿರುವುದಿಲ್ಲ. ಏಣಿ ಹತ್ತಿ ನಿಂತ ಒಬ್ಬ ಮುದುಕನಾಗುತ್ತಾನೆ. ನಾಳೆ ಚಹಾದಂಗಡಿಯಲ್ಲಿ ಗೊತ್ತಾಗುತ್ತದೆ. ನಾಡಿದ್ದು ಕಲಘಟಗಿಯಲ್ಲಿ.

ಅವನು ಇನ್ನೊಮ್ಮೆ ಬಡಿಯಲಿಲ್ಲ. ಏಣಿ ಇಳಿದು, ಕೊಡತಿಯನ್ನು ಧೋತರದ ಸೆರಗಿಗೆ ಒರೆಸಿ ಚೀಲಕ್ಕೆ ಹಾಕಿದ.

“ಗಟ್ಟಿ ಐತಿ.”

ಮಜೀದ ಕವಲಿನ ಕಡೆ ನೋಡಿ, “ಮ್ಯಾಲಿಂದೂ?” ಎಂದ.

ಆ ಪ್ರಶ್ನೆ ಹೊಳೆಯಪ್ಪನಿಗೆ ಅವನ ತುಟಿಯಿಂದ ಸಿಕ್ಕಿತು. “ಗಟ್ಟಿ ಅಂದ್ನೆಲ್ಲ,” ಎಂದು ಮುಖ ತಿರುಗಿಸಿದ.

ಆ ರಾತ್ರಿ ಉಣ್ಣುವಾಗ ಎಡ ಅಂಗೈಯನ್ನು ತೊಡೆಗೆ ತಿಕ್ಕುತ್ತ ಕೂತಿದ್ದ. ದುರ್ಗವ್ವ ಏನಾಯಿತೆಂದು ಕೇಳಿದಳು. ಜೋಮು ಹಿಡಿದಿದೆ ಎಂದ.

*

ನಾಲ್ಕು ದಿನಗಳ ಮೇಲೆ ಗಿಡ ಕಡಿದರು. ತಾನು ಗಟ್ಟಿ ಎಂದ ಗಿಡ ಬೀಳುವಾಗ ಹೊಳೆಯಪ್ಪ ಹಾಜರಿರುವುದು ಪದ್ಧತಿ. ಬಿದ್ದ ಮೇಲೆ ಕೊರೆದ ಮುಖಕ್ಕೆ ಅಂಗೈ ಇಟ್ಟು ಒಮ್ಮೆ ತಲೆಯಾಡಿಸುತ್ತಿದ್ದ. ಮಜೀದನಿಗೆ ಅದು ಮೊಹರು ಒತ್ತಿದ ಹಾಗೆ. ಆ ದಿನ ಅವನು ಬರುವುದೇ ಬೇಡವೆಂದುಕೊಂಡಿದ್ದ. ಆದರೆ ಬರದಿದ್ದರೆ ಯಾಕೆ ಬರಲಿಲ್ಲವೆಂದು ಕೇಳುತ್ತಾರೆ. ಬಂದ.

ರಮಜಾನನ ಯಂತ್ರದ ಗರಗಸ ಶುರುವಾದಾಗ ಅದರ ಅದುರು ಹೊಳೆಯಪ್ಪನ ಎದೆಗೂಡಿಗೆ ತಾಗಿತು. ಬುಡದ ಕಟ್ಟಿಗೆ ಚಿನ್ನದ ಬಣ್ಣದಲ್ಲಿ ಪುಡಿಯಾಗಿ ಚಿಮ್ಮಿತು. ಗಟ್ಟಿ. ಹೊಳೆಯಪ್ಪ ಉಸಿರು ಬಿಟ್ಟ. ತಾನು ಸುಮ್ಮನೆ ನಾಲ್ಕು ದಿನ ಹೆದರಿದೆ ಎನಿಸಿತು. ಹಗ್ಗ ಎಳೆದರು. ಗಿಡ ವಾಲಿತು, ತಡೆಯಿತು, ಆಮೇಲೆ ಒಮ್ಮೆಲೇ ಕುಸಿಯಿತು. ಕಾಲಡಿಯ ನೆಲ ಹಾರಿದಂತಾಯಿತು.

ಧೂಳು ಇಳಿಯುವಾಗ ಅವನು ಮೊದಲು ಕಂಡದ್ದು ಕವಲಿನ ಬಳಿ ಹೋಳಾದ ಕಾಂಡವನ್ನು. ಅದರ ಒಳಗೆ ಕಟ್ಟಿಗೆ ಇರಲಿಲ್ಲ. ನಶ್ಯದಂಥ ಕಂದು ಪುಡಿ ನೆಲಕ್ಕೆ ಸುರಿಯುತ್ತಿತ್ತು. ಆಳೆತ್ತರದ ಪೊಟರೆ ಕವಲಿನಿಂದ ಕೆಳಗಿಳಿದು, ಅವನು ಏಣಿ ಹತ್ತಿ ಅಂಗೈ ಇಟ್ಟ ಜಾಗದ ಹಿಂದೆ ಎರಡು ಬೆರಳು ದಪ್ಪ ಕಟ್ಟಿಗೆಯನ್ನಷ್ಟೇ ಉಳಿಸಿತ್ತು. ಬಿದ್ದ ಏಟಿಗೆ ಅಲ್ಲಿಂದ ಬಿರುಕು ಬುಡದ ತನಕ ಓಡಿತ್ತು. ಬದನಿಕೆಯ ಪೊದೆ ಕಿತ್ತು ಬಂದಿತ್ತು. ಅದರ ಮರೆಯಲ್ಲಿದ್ದ ದುಂಡನೆ ಬಾಯಿ, ಅಂಚು ಕೊಕ್ಕಿನಿಂದ ಕಡಿದು ಕಡಿದು ನುಣುಪಾದದ್ದು, ಈಗ ಆಕಾಶ ನೋಡುತ್ತಿತ್ತು.

ಸುವರ್ಣಾ ಎರಡು ಕೈಯಿಂದ ಹೊಟ್ಟೆ ಹಿಡಿದುಕೊಂಡು ಬದುವಿನ ಮೇಲೆ ಬರುತ್ತಿದ್ದಳು. ಅವಳ ಬಾಯಿ ತೆರೆದಿತ್ತು. ಮೈಲಾರಪ್ಪನೂ ಏನೋ ಕೂಗುತ್ತಿದ್ದ, ಬಹುಶಃ ಅವಳನ್ನು ಹಿಂದೆ ಹೋಗೆನ್ನುತ್ತಿದ್ದ. ರಮಜಾನ್ ಮೊಳಕಾಲೂರಿ ಪುಡಿಯೊಳಗೆ ಕೈ ಹಾಕಿದ. ಒಂದು ಮರಿ ತೆಗೆದ. ಅದರ ಕತ್ತು ಬೆರಳ ಸಂದಿಯಿಂದ ಜೋತುಬಿತ್ತು. ಅದನ್ನು ಎಲೆಯ ಮೇಲಿಟ್ಟ. ಇನ್ನೊಂದು ತೆಗೆದ. ಮತ್ತೊಂದು. ಅವೆರಡೂ ಒದ್ದಾಡುತ್ತಿದ್ದವು. ಕೆಂಪು ಮೈಯ ಮೇಲೆ ಹಸಿರು ಕಡ್ಡಿಗಳ ಹಾಗೆ ಗರಿ ಚಿಗುರುತ್ತಿದ್ದವು, ತಲೆಗೆ ಹೋಲಿಸಿದರೆ ಕೊಕ್ಕೇ ದೊಡ್ಡದು.

ಮಜೀದ ಮೇಲೆ ನೋಡುತ್ತಿದ್ದ. ಹೊಳೆಯಪ್ಪನೂ ನೋಡಿದ.

ಗಿಳಿಗಳು. ಎರಡಲ್ಲ, ಎಂಟೋ ಹತ್ತೋ. ಗಿಡ ಇದ್ದ ಜಾಗದ ಸುತ್ತ ತಿರುಗುತ್ತಿದ್ದವು. ಮೂರು ವರ್ಷದ ಮೇಲೆ ಗಿಳಿಗಳು ವಾಪಸು ಬಂದಿವೆ ಎಂದು ಒಂದು ಗಳಿಗೆ ಅವನಿಗೆ ಸಂತೋಷವೇ ಆಯಿತು. ಮರುಗಳಿಗೆ ಒಂದು ಗಿಳಿ ತಲೆಯ ಮೇಲಿಂದ ತಗ್ಗಾಗಿ ಹಾದುಹೋಯಿತು. ಅದರ ಕೆಂಪು ಕೊಕ್ಕು ಪೂರಾ ತೆರೆದಿತ್ತು, ಒಳಗಿನ ಕಪ್ಪು ನಾಲಿಗೆ ಕಾಣುತ್ತಿತ್ತು, ಗಂಟಲು ಉಬ್ಬಿ ಅದುರುತ್ತಿತ್ತು. ಆ ಹಕ್ಕಿ ಇದ್ದ ಶಕ್ತಿಯನ್ನೆಲ್ಲ ಹಾಕಿ ಅರಚುತ್ತಿತ್ತು. ಮತ್ತು ಹೊಳೆಯಪ್ಪನಿಗೆ ಏನೂ ಕೇಳುತ್ತಿರಲಿಲ್ಲ.

ಗಿಳಿಗಳು ಎಲ್ಲಿಗೂ ಹೋಗಿರಲಿಲ್ಲ. ಗಿಳಿಯನ್ನು ಯಾರೂ ಹುಡುಕಿ ನೋಡುವುದಿಲ್ಲ. ಮೊದಲು ಕೇಳಿ, ಆಮೇಲೆ ತಲೆಯೆತ್ತುತ್ತಾರೆ. ಹಸಿರೊಳಗಿನ ಹಸಿರು ಅದು. ಮೂರು ವರ್ಷ ಮುಂಜಾನೆ ಅವು ಅವನ ಮನೆಯ ಮೇಲೆಯೇ ಹಾದುಹೋಗಿದ್ದವು. ಅವನು ತಲೆಯೆತ್ತಿರಲಿಲ್ಲ. ಚಹಾದಂಗಡಿಯವರು ಯಾಕೆ ಸುಮ್ಮನೆ ಚಹಾ ಕುಡಿದರೆಂದು ಈಗ ಗೊತ್ತಾಯಿತು.

*

“ಗಿಡಾನೂ ಹೋತು, ತೊಟ್ಟಲಾನೂ ಹೋತು,” ಎಂದ ಮೈಲಾರಪ್ಪ. ಅವನು ಸಿಟ್ಟಿನಲ್ಲಿ ಜೋರಾಗಿ ಆಡುತ್ತಿದ್ದುದರಿಂದ ಮಾತು ಹೊಳೆಯಪ್ಪನಿಗೆ ಬಹುಪಾಲು ತಲುಪುತ್ತಿತ್ತು. “ಏನೋ ಹೊಳೆಪ್ಪಣ್ಣಾ, ಇದು ಗಟ್ಟಿ ಏನು? ಇದರಾಗ ನಮ್ಮ ನಾಯಿ ಮಕ್ಕೊಂಡ ಏಳಬಹುದು.”

“ತಡೀರಿ ಮೈಲಾರಪ್ಪ,” ಎಂದ ಮಜೀದ. ಅವನು ಹೊಳೆಯಪ್ಪನ ಎದುರಿಗೆ ಬಂದು ನಿಂತ. ಇಪ್ಪತ್ತು ವರ್ಷದ ಮರ್ಯಾದೆ ಅವನ ದನಿಯನ್ನು ತಗ್ಗಿಸಿತ್ತು. ತುಟಿ ಮಾತ್ರ ನಿಧಾನವಾಗಿ ಆಡುತ್ತಿತ್ತು. “ಕಾಕಾ, ಅವತ್ತ ನೀವು ಮ್ಯಾಲ ಬಡದ್ರಿ. ಮರಿ ಬುಸ್ ಅಂದ್ವು. ಹಾವ ಬುಸುಗುಟ್ಟಿದಂಗ. ನನಗ ಕೇಳ್ತು. ರಮಜಾನಗ ಕೇಳ್ತು.”

ರಮಜಾನ್ ತಲೆ ತಗ್ಗಿಸಿಕೊಂಡೇ ಹೌದೆಂದ.

“ನನಗ ಗುಡಿಸಲ ತನಾ ಕೇಳ್ತ್ರಿ,” ಎಂದಳು ಸುವರ್ಣಾ. ಅವಳ ಕಣ್ಣು ಎಲೆಯ ಮೇಲಿನ ಮರಿಯನ್ನು ಬಿಟ್ಟು ಏಳುತ್ತಿರಲಿಲ್ಲ. “ತಿಂಗಳಾತು ಗಿಣಿ ಬಂದ ಹೋಗೂದ ನೋಡಾಕತ್ತೇನಿ. ಎಲ್ಲೋ ಟೊಂಗಿ ಪೊಟ್ರಿ ಇರಬೇಕಂತ ತಿಳದೆ. ನೀವು ಬಡದಾಗ ಹೇಳಬೇಕಂತ ಬಾಯಿಗೆ ಬಂದಿತ್ರಿ ಕಾಕಾ. ನೀವು ಕಣ್ಣ ಮುಚ್ಚಿ ಕೈ ಇಟ್ಟ ನಿಂತ್ರಿ. ನಮಗ ಕೇಳಿದ್ದು ನಿಮಗ ಕೇಳಂಗಿಲ್ಲೇನು ಅಂತ ಸುಮ್ಕಾದೆ.”

“ಎಲ್ಲಾರೂ ಹಂಗ ಸುಮ್ಕಾದ್ವಿ,” ಎಂದ ಮಜೀದ. “ಗಿಡ ಬಡಿಯಾಗ ಮಾತಾಡಬಾರದು ಅಂತ ನೀವ ಕಲಿಸೀರಿ.”

ಆಮೇಲೆ ಒಂದು ದಾರಿಯನ್ನೂ ಮಾಡಿಕೊಟ್ಟ: “ನಿಮಗ ಟೊಂಗಿ ಅಷ್ಟ ಪೊಳ್ಳ ಅಂತ ಅನಿಸಿರಬೇಕು. ಒಮ್ಮೊಮ್ಮೆ ಹಂಗಾಗ್ತೈತಿ. ಬದನಿಕಿ ಬ್ಯಾರೆ ಬೆಳದಿತ್ತು, ದನಿ ನುಂಗಿರಬೇಕು. ಆತು ಬಿಡ್ರಿ. ಆ ಆಚಿಕಡಿ ಹಲಸು ಐತೆಲ್ಲ, ಪರವಾನಗಿ ಅದಕ್ಕೂ ಐತಿ. ಅದನ್ನ ಒಮ್ಮೆ ಬಡದ ಹೇಳ್ರಿ. ತೊಟ್ಟಲ ಅದರಾಗ ಮಾಡೂಣು.”

ಮಜೀದ ತಾನೇ ಹೊಳೆಯಪ್ಪನ ಚೀಲದಿಂದ ಕೊಡತಿ ತೆಗೆದು ಅವನ ಕೈಗೆ ಕೊಟ್ಟ.

ಹೊಳೆಯಪ್ಪನ ಹೆಬ್ಬೆರಳು ತನ್ನ ತಗ್ಗನ್ನು ತಾನೇ ಹುಡುಕಿಕೊಂಡಿತು. ಆಚೆಯ ಹಲಸು ಐವತ್ತು ಹೆಜ್ಜೆಯ ಮೇಲಿತ್ತು, ಇಷ್ಟೇ ದಟ್ಟ, ಇಷ್ಟೇ ಹಸಿರು. ಅವನು ಹೋಗಿ ಬಡಿಯಬಹುದಿತ್ತು. ‘ಬ್ಯಾಡ’ ಅನ್ನಬಹುದಿತ್ತು, ಬೇಡವೆಂದರೆ ಯಾರಿಗೂ ತಪ್ಪು ತಿಳಿಯುವುದಿಲ್ಲ, ಗಿಡವೂ ಉಳಿಯುತ್ತದೆ, ಹೆಸರೂ ಉಳಿಯುತ್ತದೆ. ಇನ್ನು ಮುಂದೆ ಬಡಿದ ಪ್ರತಿ ಗಿಡಕ್ಕೂ ಬೇಡ ಎನ್ನುತ್ತ ಹೋದರೆ ಸಾಯುವ ತನಕ ನಡೆಯುತ್ತದೆ. ಅವನು ಎರಡು ಹೆಜ್ಜೆ ಇಟ್ಟದ್ದೂ ನಿಜ.

ರಮಜಾನ್ ದಾರಿಯಲ್ಲೇ ಕುಕ್ಕರಗಾಲಲ್ಲಿ ಕೂತು ಎರಡು ಮರಿಗಳನ್ನು ಟವೆಲ್ಲಿನಲ್ಲಿ ಹಿಡಿದುಕೊಂಡಿದ್ದ. ಒಂದು ಮರಿ ಹೊರಗೆ ನುಸುಳಿತು. ಅದು ಬೀಳದಂತೆ ಹೊಳೆಯಪ್ಪ ಬಗ್ಗಿ ಎಡಗೈ ಒಡ್ಡಿದ. ಮರಿ ಅಂಗೈಯಲ್ಲಿ ಮಗುಚಿಕೊಂಡು, ಹಿಂದಕ್ಕೆ ಸರಿದು, ಕೊಕ್ಕು ತೆರೆದು ಅವನ ಮುಖಕ್ಕೆ ಬುಸುಗುಟ್ಟಿತು.

ಅದೇ ನಡುಕ. ಒಣ ಎಲೆಯ ಚೀಲದೊಳಗೆ ಏನೋ ಹೊರಳಿದ ಹಾಗೆ. ಇದ್ದು, ನಿಂತು, ಮತ್ತೆ.

ಗಿಡ ಅವತ್ತು ಹೇಳಿತ್ತು. ಅಂಗೈ ಕೇಳಿಸಿಕೊಂಡಿತ್ತು ಕೂಡ. ಆಗದೆ ಉಳಿದದ್ದು ಒಂದೇ, ಅವನು ಕೆಳಗೆ ನಿಂತವರನ್ನು ಕೇಳಲಿಲ್ಲ. ಕಿವಿ ಸತ್ತದ್ದು ಅವನ ತಪ್ಪಲ್ಲದಿರಬಹುದು. ಏಣಿಯ ಮೇಲೆ ನುಂಗಿದ ಆ ಒಂದು ಮಾತು ಅವನದೇ.

“ಮಜೀದ,” ಎಂದ. ತನ್ನ ದನಿ ಎಷ್ಟು ಏರಿದೆಯೆಂದು ಅವನಿಗೆ ತಿಳಿಯಲಿಲ್ಲ. ಎಲ್ಲರೂ ತಿರುಗಿದ್ದು ನೋಡಿದರೆ ಬಹಳ ಏರಿತ್ತು. “ನನಗ ಕೇಳ್ಸಂಗಿಲ್ಲ.”

“ಏನ್ರಿ?”

“ಕಿವಿ ಹೋಗ್ಯಾವು. ಮೂರ ವರ್ಷಾತು. ಕೈಲೆ ನೋಡಿ ಹೇಳತಿದ್ದೆ. ಅವತ್ತ ಕೈಗೆ ತಿಳೀತು, ಏನೋ ಐತಿ ಅಂತ. ಕೇಳಬೇಕಿತ್ತು ನಿಮ್ಮನ್ನ. ಕೇಳಲಿಲ್ಲ.”

ಯಾರಾದರೂ ಮಾತಾಡಿದರೋ ಏನೋ, ಅವನು ಮರಿಯನ್ನು ನೋಡುತ್ತಿದ್ದ. ಮತ್ತೆ ತಲೆಯೆತ್ತಿದಾಗ ಮಜೀದನ ಮುಖದಲ್ಲಿ ಸಿಟ್ಟಿರಲಿಲ್ಲ. ಅವನು ಏನನ್ನೋ ನೆನಪಿಸಿಕೊಳ್ಳುತ್ತಿದ್ದ, ಒಂದಾದ ಮೇಲೊಂದು. ಅದು ಸಿಟ್ಟಿಗಿಂತ ಕಷ್ಟವಾಗಿತ್ತು.

“ಹಂಗಾರ ಹೋದ ವರ್ಷ ಗುಡ್ಡದ ಕೆಳಗಿನ ಹೊನ್ನಿ ಗಿಡಾ?” ಎಂದ ಕೊನೆಗೆ. “ನೀವು ಗಟ್ಟಿ ಅಂದ್ರಿ, ಒಳಗ ಪೊಳ್ಳ ಬಂತು. ಸಿಡ್ಲ ಬಡದಿರಬೇಕು ಅಂದ್ರಿ. ನಾ ಹೌದಂದೆ.”

“ಗೊತ್ತಿಲ್ಲ.”

“ಅದರಾಗೂ ಏನರ ಇದ್ವೇನು?”

“ಗೊತ್ತಿಲ್ಲಪ್ಪಾ. ನಾ ನೋಡಲಿಲ್ಲ.”

ಹೊಳೆಯಪ್ಪ ಕೊಡತಿಯನ್ನು ಮಜೀದನ ಕಡೆ ಚಾಚಿದ. ಮಜೀದ ಕೈಯೊಡ್ಡಲಿಲ್ಲ, ಬೇಡವೆಂದೂ ಅನ್ನಲಿಲ್ಲ. ಕೊನೆಗೆ ಹೊಳೆಯಪ್ಪ ಅದನ್ನು ಹಲಸಿನ ಮೋಟಿನ ಮೇಲೆ, ಇನ್ನೂ ಹಸಿಯಾಗಿ ಅಂಟುತ್ತಿದ್ದ ಹಾಲಿನ ಮೇಲೆ, ಇಟ್ಟ.

“ನಂಗ ತೊಟ್ಟಲ ಬ್ಯಾಡ,” ಎಂದು ಸುವರ್ಣಾ ತಂದೆಗೆ ಹೇಳಿದಳು. “ಹಳೇ ಸೀರಿ ಕಟ್ಟಿ ತೂಗ್ತೇನಿ. ಆ ಗಿಡಾ ಮುಟ್ಟಬ್ಯಾಡ್ರಿ.”

ಮೈಲಾರಪ್ಪ ಮಗಳ ಮುಖ ನೋಡಿ, ರುಮಾಲು ಬಿಚ್ಚಿ ಮತ್ತೆ ಸುತ್ತಿಕೊಳ್ಳತೊಡಗಿದ.

*

ಪೊಟರೆಯ ಬಾಯಿದ್ದ ಭಾಗವನ್ನು ಕೊಯ್ದು ತೆಗೆದು ಮಾವಿನ ಗಿಡಕ್ಕೆ ಕಟ್ಟುವ ಯೋಚನೆ ರಮಜಾನನದು. ತಾಯಿ ಗಿಳಿ ಬಂದರೂ ಬಂದೀತು ಎಂದ. ಅವನು ಮೊಳದುದ್ದದ ತುಂಡನ್ನು ಕೊರೆದು, ಕೆಳಗೆ ಹಲಗೆ ಬಡಿದು, ಒಳಗೆ ಅದೇ ಕಂದು ಪುಡಿ ತುಂಬಿದ. ಮಜೀದ ಹಗ್ಗ ಹಿಡಿದ. ಎರಡೂ ಮರಿಗಳನ್ನು ಒಳಗೆ ಬಿಟ್ಟು, ಮಾವಿನ ಕವಲಿಗೆ ಬಿಗಿಯಾಗಿ ಕಟ್ಟಿ ಇಳಿದರು. ಸತ್ತ ಮರಿಯನ್ನು ಮೈಲಾರಪ್ಪ ಬದುವಿನಲ್ಲಿ ಹುಗಿದು, ಮೇಲೊಂದು ಕಲ್ಲಿಟ್ಟ. ಆಮೇಲೆ ಎಲ್ಲರೂ ದೂರ ಸರಿದರು. ಮಂದಿ ಇದ್ದರೆ ಹಕ್ಕಿ ಇಳಿಯುವುದಿಲ್ಲ.

ಮಜೀದ ಮೋಟಾರಸೈಕಲ್ ಚಾಲೂ ಮಾಡಿ, ಹೊಳೆಯಪ್ಪನ ಮುಂದೆ ನಿಲ್ಲಿಸಿ, ಹಿಂದಿನ ಸೀಟನ್ನು ಕೈಯಿಂದ ತಟ್ಟಿದ. ಇನ್ನೂ ಕೂಡಿಸಿಕೊಂಡು ಹೋಗುತ್ತಾನೆ ಎಂಬುದು ಹೊಳೆಯಪ್ಪನಿಗೆ ಸಮಾಧಾನವಾಗಲಿಲ್ಲ, ಇನ್ನಷ್ಟು ನಾಚಿಕೆಯಾಯಿತು.

“ನೀ ಹೋಗು. ನಾ ಕೂಡ್ತೇನಿ.”

ಅವನು ಗುಡಿಸಲ ಮುಂದಿನ ಕಟ್ಟೆಯ ಮೇಲೆ ಕೂತ. ಸುವರ್ಣಾ ಮಣೆ ತಂದು ಪಕ್ಕಕ್ಕೆ ಹಾಕಿಕೊಂಡು, ಕಾಲು ಚಾಚಿ ಕೂತಳು. ಮಧ್ಯಾಹ್ನ ಇಳಿಯಿತು. ಉಳಿದ ಗಿಳಿಗಳು ಒಂದೊಂದಾಗಿ ಹೋದವು. ಜೋಡಿಯೊಂದು ಉಳಿಯಿತು. ಗಂಡು ಆಚೆಯ ಹಲಸಿನ ತುದಿಯಲ್ಲಿ ಕೂತಿತ್ತು. ಹೆಣ್ಣು ಸುಮ್ಮನೆ ಕೂರಲಿಲ್ಲ. ಅದು ಹಾರಿ ಬಂದು, ಕಡಿದ ಗಿಡದ ಮೋಟಿನ ಮೇಲೆ, ಆಳೆರಡು ಎತ್ತರದಲ್ಲಿ, ಏನೂ ಇಲ್ಲದ ಗಾಳಿಯಲ್ಲಿ ರೆಕ್ಕೆ ಬಡಿಯುತ್ತ ನಿಲ್ಲುತ್ತಿತ್ತು. ಪೊಟರೆಯ ಬಾಯಿ ಇದ್ದ ಜಾಗ ಅದು. ಕಾಲು ಚಾಚಿ ಹಿಡಿಯಲು ನೋಡುವುದು, ಸಿಗದೆ ಜಾರುವುದು, ಸುತ್ತು ಹಾಕಿ ಮತ್ತೆ ಅಲ್ಲಿಗೇ ಬರುವುದು. ಹೊಳೆಯಪ್ಪ ಎಣಿಸುವುದನ್ನು ಬಿಟ್ಟ.

“ಕೂಗಾಕತ್ತೈತೇನು?” ಎಂದು ಕೇಳಿದ. ಮೂರು ವರ್ಷದಲ್ಲಿ ಅವನು ಒಬ್ಬರನ್ನು ಹೀಗೆ ಕೇಳಿದ್ದು ಇದೇ ಮೊದಲು.

ಸುವರ್ಣಾ ಅವನ ಕಡೆ ತಿರುಗಿ, ಮುಖ ಎದುರಿಗೆ ಇಟ್ಟು, “ಕೂಗಾಕತ್ತೈತ್ರಿ. ಭಾಳ,” ಎಂದಳು.

“ಮರಿ?”

“ಮರೀನೂ ಕೂಗಾಕತ್ತಾವು. ಮಾವಿನ ಗಿಡದಾಗಿಂದ. ಸಣ್ಣ ದನಿ.”

“ತಾಯಿಗೆ ಕೇಳ್ಸಂಗಿಲ್ಲೇನು ಹಂಗಾರ?”

“ಕೇಳಸ್ತೈತ್ರಿ. ನಂಬಿಕಿ ಬರವಲ್ಲದು ಅನಸ್ತೈತಿ.”

ಬಿಸಿಲು ಕೆಂಪಾಗುವ ಹೊತ್ತಿಗೆ ಹೆಣ್ಣು ಗಿಳಿ ಒಮ್ಮೆ ಮಾವಿಗೆ ಬಂದು ತುಂಡಿನ ಮೇಲೆ ಕೂತಿತು. ತಲೆ ಬಗ್ಗಿಸಿ ಬಾಯಿಯೊಳಗೆ ಇಣುಕಿತು. ಹೊಳೆಯಪ್ಪ ಕಟ್ಟೆಯ ಅಂಚನ್ನು ಹಿಡಿದುಕೊಂಡ. ಅದು ಹಗ್ಗದ ಗಂಟನ್ನು ಕೊಕ್ಕಿನಿಂದ ಮುಟ್ಟಿ, ಬೆದರಿ ಹಾರಿ, ಮತ್ತೆ ಖಾಲಿ ಗಾಳಿಗೆ ಹೋಗಿ ನಿಂತಿತು. ಇನ್ನೊಮ್ಮೆ ಬಂತು. ಇನ್ನೊಮ್ಮೆ ಹೋಯಿತು.

ಶಾರದವ್ವ, ಸುವರ್ಣಾಳ ತಾಯಿ, ಊರ ದಾರಿಯಿಂದ ಮಗಳನ್ನು ಕರೆಯಲು ಬರುತ್ತಿರುವುದು ಕಾಣಿಸಿತು. ಸುವರ್ಣಾ ಕೈಯಲ್ಲೇ ತಡೆ ಎಂದು ಸನ್ನೆ ಮಾಡಿದಳು.

ಕತ್ತಲು ಮೊದಲು ಮಾವಿನ ಒಳಗೆ ಕೂಡತೊಡಗಿತು. ಕಟ್ಟಿದ ತುಂಡು ಕಾಣುತ್ತಿತ್ತು, ಅದರ ಬಾಯಿ ಕಾಣದಾಯಿತು. ಇನ್ನು ನೋಡಿ ತಿಳಿಯುವುದು ಮುಗಿದಿತ್ತು.

“ಸುವರ್ಣಾ,” ಎಂದ ಹೊಳೆಯಪ್ಪ. “ಮರಿ ಕೂಗೂದ ನಿಂತ್ರ ಹೇಳವಾ ನನಗ.”

“ಹೇಳ್ತೇನ್ರಿ ಕಾಕಾ.”

ಅವನು ಗಿಡದ ಕಡೆ ನೋಡುವುದನ್ನು ಬಿಟ್ಟು ಅವಳ ಮುಖದ ಕಡೆ ತಿರುಗಿ ಕೂತ. ಅವಳು ಕತ್ತು ಒಂದು ಬದಿಗೆ ವಾಲಿಸಿ, ಉಸಿರು ಹಿಡಿದು, ಅವನು ಹಿಂದೊಮ್ಮೆ ಕೇಳುತ್ತಿದ್ದ ಹಾಗೆ ಕೇಳುತ್ತಿದ್ದಳು. ಉಳಿದ ಬೆಳಕೆಲ್ಲ ಅವಳ ತುಟಿಯ ಮೇಲಿತ್ತು. ಆ ತುಟಿ ಅಲುಗಲಿಲ್ಲ. ಅಲುಗದಿರುವ ತನಕ ಮರಿಗಳು ಕೂಗುತ್ತಿವೆ, ಬದುಕಿವೆ ಎಂದರ್ಥ. ಹೊಳೆಯಪ್ಪ ಎಡ ಅಂಗೈಯನ್ನು ಕಟ್ಟೆಗೆ ಒತ್ತಿಕೊಂಡು, ಅವಳು ಮಾತಾಡದಿರಲಿ ಎಂದು ಕಾಯುತ್ತ ಕೂತ.